ಬೀದಿಯ ಮಾತಿನಲ್ಲಿ ಹಳಗನ್ನಡ

ಎರ್ಣಾಕುಳದ ಬಸ್ ನಿಲ್ದಾಣದ ಆಸುಪಾಸಿನಲ್ಲಾಗಲಿ, ತಿರುವನಂತಪುರದ ಚಾಲ ಪೇಟೆಯಲ್ಲಾಗಲಿ ಮಧ್ಯಾಹ್ನದ ಹೊತ್ತು ನಡೆದುಹೋದವರು ಹೋಟೆಲುಗಳ ಮುಂದೆ 'ಊಣ್ ರೆಡಿ' ಎಂಬ ಹಲಗೆಯನ್ನು ಕಾಣದೆ ಇರಲಾರರು. ಊಟ ಸಿದ್ಧವಾಗಿದೆ ಎಂದು ಅದರ ಅರ್ಥ. 'ರೆಡಿ' ಇಂಗ್ಲಿಷಿನದು, ಅದನ್ನು ಬಿಡೋಣ. ಈ 'ಊಣ್' ಯಾರದು? ನಮ್ಮ ಹಳ್ಳಿಗಳಲ್ಲಿ ಇಂದಿಗೂ "ಉಂಡು ಹೋಗಿ" ಎನ್ನುತ್ತಾರಲ್ಲ, ಆ 'ಉಣ್' ಧಾತುವೇ ಅದು. ಪಟ್ಟಣದ ನಮ್ಮವರು ಉಣ್ಣುವುದನ್ನು ಬಿಟ್ಟು 'ಊಟ ಮಾಡ'ತೊಡಗಿದರು; ಮಲೆಯಾಳಿಗಳು ಹೋಟೆಲಿನ ಹಲಗೆಯ ಮೇಲೂ ಉಣ್ಣುತ್ತಲೇ ಇದ್ದಾರೆ.

ವಾಚನಾಲಯದ ಕರಿಹಲಗೆಯ ಮೇಲೆ ನಾವು ದಿನಕ್ಕೊಂದರಂತೆ ಬರೆಯುತ್ತ ಬಂದಿರುವುದು ಇಂಥ ಮಾತುಗಳನ್ನೇ. ಬಿಡಿಬಿಡಿಯಾಗಿ ಓದಿದವರಿಗೆ ಅವು ಬರಿಯ ಚಮತ್ಕಾರವಾಗಿ ತೋರುವುದು ಸಹಜ. ಆದುದರಿಂದ ಈ ಸಂಚಿಕೆಯಲ್ಲಿ ಅವುಗಳನ್ನು ಒಂದೆಡೆ ಕೂಡಿಸಿ, ಅವುಗಳ ಹಿಂದಿರುವ ಕಟ್ಟಳೆಯನ್ನು ವಿವರಿಸಲು ಯತ್ನಿಸಿದ್ದೇವೆ. ಊರಿನಿಂದ ಹೊಸದಾಗಿ ಬಂದ ಕೂಲಿಗಾರ ಸೋದರರು, ಇಲ್ಲಿಯ ಮಾತು ಒಂದಕ್ಷರವೂ ತಿಳಿಯದೆಂದು ತಿಂಗಳುಗಟ್ಟಲೆ ಬಾಯಿ ಮುಚ್ಚಿಕೊಂಡಿರುವುದನ್ನೂ, ಮುರುಕು ಹಿಂದಿಯಲ್ಲಿ ವ್ಯವಹಾರ ನಡೆಸಿ ಲೆಕ್ಕದಲ್ಲಿ ನಷ್ಟಪಡುವುದನ್ನೂ ನಾವು ನೋಡುತ್ತಿದ್ದೇವೆ. ಇತ್ತ ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ಶಾಲೆಯಲ್ಲಿ ಮಲೆಯಾಳ ಕಲಿತು, ಮನೆಯ ಕನ್ನಡ ಬೇರಾವುದೋ ದೇಶದ ಭಾಷೆಯೆಂಬಂತೆ ಅದನ್ನಾಡಲು ನಾಚುತ್ತಾರೆ. ಈ ಇಬ್ಬರಿಗೂ ಮದ್ದು ಒಂದೇ. ಎರಡು ಭಾಷೆಗಳ ನಡುವೆ ನಾಲ್ಕು ಬಾಗಿಲುಗಳಿವೆ. ಚಿಲಕ ಎಲ್ಲಿದೆಯೆಂದು ತಿಳಿದರೆ ಆಚೆಯಿಂದ ಈಚೆಗೂ ಈಚೆಯಿಂದ ಆಚೆಗೂ ಓಡಾಡಬಹುದು.

ಮೊದಲೇ ಒಂದು ಮಾತು. ಮಲೆಯಾಳವು ಕನ್ನಡದಿಂದ ಹುಟ್ಟಿತೆಂದು ಯಾರಾದರೂ ಅಭಿಮಾನದಿಂದ ಹೇಳಿದರೆ ನಂಬಬಾರದು. ಕನ್ನಡ ಮಲೆಯಾಳದಿಂದ ಹುಟ್ಟಿತೆಂದರೂ ನಂಬಬಾರದು. ತಮಿಳು, ತುಳು, ಕೊಡವ ಭಾಷೆಗಳಂತೆ ಇವೂ ಒಂದೇ ದ್ರಾವಿಡ ಕುಟುಂಬದವು. ಮನೆ ಪಾಲಾದಾಗ ಅಣ್ಣನಿಗೆ ಕೊಪ್ಪರಿಗೆ, ತಮ್ಮನಿಗೆ ಒರಳು ಹೋಗುವಂತೆ, ಹಳೆಯ ಉಚ್ಚಾರಣೆಗಳಲ್ಲಿ ಕೆಲವು ಅವರಲ್ಲಿ ಉಳಿದುವು, ಕೆಲವು ನಮ್ಮಲ್ಲಿ.

ಮೊದಲನೆಯ ಬಾಗಿಲು ಪಕಾರದ್ದು. ಚಹದಂಗಡಿಯಲ್ಲಿ 'ಪಾಲ್' ಎಂದರೆ ಹಾಲು. 'ಪತ್ತು ರೂಪ' ಎಂದರೆ ಹತ್ತು ರೂಪಾಯಿ. ಪೂ ಎಂದರೆ ಹೂ, ಪುಲಿ ಎಂದರೆ ಹುಲಿ, ಪಲ್ಲು ಹಲ್ಲು, ಪುಲ್ಲು ಹುಲ್ಲು, ಪುಳಿ ಹುಳಿ, ಪಣಂ ಹಣ. 'ಪೋ' ಎಂದರೆ ಹೋಗು. ಮಲೆಯಾಳದ ಪದ ಪಕಾರದಿಂದ ಆರಂಭವಾದರೆ ಅದನ್ನು ಹಕಾರ ಮಾಡಿ ನೋಡಬೇಕು. ಹಲವು ವೇಳೆ ಕನ್ನಡ ಎದ್ದು ನಿಲ್ಲುತ್ತದೆ. ಇಲ್ಲಿ ಬದಲಾದವರು ಅವರಲ್ಲ, ನಾವು. 941ರಲ್ಲಿ ಪಂಪನು ತನ್ನ ಭಾರತವನ್ನು ರಚಿಸಿದಾಗ ಕನ್ನಡದಲ್ಲಿಯೂ ಪಾಲ್, ಪುಲಿ, ಪೂ ಎಂದೇ ಇತ್ತು. ಸುಮಾರು ಆ ಶತಮಾನದಿಂದೀಚೆಗೆ ಪದದ ಮೊದಲಿನ ಪಕಾರ ಸಡಿಲವಾಗುತ್ತ ಹೋಗಿ, ನಾಲ್ಕು ನೂರು ವರ್ಷಗಳೊಳಗೆ ಬಹುಮಟ್ಟಿಗೆ ಹಕಾರವಾಯಿತು. ಶಾಸನಗಳ ಪೊಯ್ಸಳರು ಶಾಲೆಯ ಪುಸ್ತಕದಲ್ಲಿ ಹೊಯ್ಸಳರಾದದ್ದು ಹೀಗೆಯೇ. ಪಂಪಾಕ್ಷೇತ್ರ ಹಂಪೆಯಾದದ್ದೂ ಹೀಗೆಯೇ ಎಂಬುದನ್ನು ಹೊಸಪೇಟೆ ಕಡೆಯ ಮಿತ್ರರು ಗಮನಿಸಬೇಕು. ಮಂಗಳೂರು ಕಡೆಯವರಿಗೆ ಇದು ಹೊಸ ಸಂಗತಿಯಲ್ಲ. ತುಳುವಿನಲ್ಲಿ ಇಂದಿಗೂ ಹುಲಿ 'ಪಿಲಿ'ಯೇ, ಹೂ 'ಪೂ'ವೇ. ಪುಸ್ತಕ, ಪಾಠ ಮೊದಲಾದ ಸಂಸ್ಕೃತ ಪದಗಳು ಮಾತ್ರ ಎರಡು ಕಡೆಯೂ ಇದ್ದಂತೆಯೇ ಇವೆ.

ಎರಡನೆಯ ಬಾಗಿಲು ಇನ್ನೂ ಸುಲಭ. ಅವರ ವಕಾರ ನಮ್ಮ ಬಕಾರ. 'ವಾ' ಎಂದರೆ ಬಾ. ವಾಯ್ ಬಾಯಿ, ವೇರು ಬೇರು, ವಳ ಬಳೆ, ವೆಣ್ಣ ಬೆಣ್ಣೆ, ವೆಲ್ಲಂ ಬೆಲ್ಲ. 'ವೇಂಡ' ಎಂದರೆ ಬೇಡ. ಹೊಸಬರು ಮೊಟ್ಟಮೊದಲು ಕಲಿಯಬೇಕಾದ ಮಾತು ಇದೇ ಎಂದು ನಮ್ಮ ಅಭಿಪ್ರಾಯ. ಒಂದು ಎಚ್ಚರಿಕೆ: ವೆಲ್ಲಂ ಬೆಲ್ಲವಾದರೂ 'ವೆಳ್ಳಂ' ಎಂದರೆ ನೀರು. ಲಕಾರ ಳಕಾರಗಳನ್ನು ಕಲಸಿ ಆಡುವವರು ನೀರು ಕೇಳಿ ಬೆಲ್ಲ ತರಿಸಿಕೊಳ್ಳಬೇಕಾದೀತು. ನಮ್ಮ ವಕಾರ ಬಕಾರವಾದದ್ದು ಬಹಳ ಪುರಾತನ ಸಂಗತಿ. ಪಂಪನ ಕಾಲಕ್ಕೆ ಅದು ಮುಗಿದುಹೋಗಿತ್ತು.

ಮೂರನೆಯದರ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಆಲಪ್ಪುಳ, ಕೋಳಿಕ್ಕೋಡ್ ಎಂಬ ಊರುಗಳ ಹೆಸರನ್ನು ಇಂಗ್ಲಿಷ್ ಫಲಕಗಳಲ್ಲಿ ಬರೆಯುವಾಗ ನಾವು ಳ ಎಂದು ಕೇಳುವ ಕಡೆ ಝೆಡ್, ಎಚ್ ಎಂಬ ಎರಡು ಅಕ್ಷರಗಳನ್ನು ಹಾಕುತ್ತಾರೆ. ನಮ್ಮವರು ಅದನ್ನು ನೋಡಿ 'ಆಲಪುಜ' ಎಂದು ಓದಿ ನಗೆಗೀಡಾಗುವುದುಂಟು. ಅಲ್ಲಿರುವುದು ಜಕಾರವೂ ಅಲ್ಲ, ಸರಿಯಾದ ಳಕಾರವೂ ಅಲ್ಲ. ನಾಲಗೆಯ ತುದಿಯನ್ನು ಹಿಂದಕ್ಕೆ ಮಡಿಸಿ, ಅಂಗುಳಕ್ಕೆ ತಾಗಿಸದೆ ಗಾಳಿ ಬಿಟ್ಟರೆ ಬರುವ ಧ್ವನಿ ಅದು. ಇದು ಪರಭಾಷೆಯ ಧ್ವನಿಯೆಂದು ಹೆದರಬೇಕಾದ್ದಿಲ್ಲ. ಹಳಗನ್ನಡದಲ್ಲಿ ಈ ಧ್ವನಿಯಿತ್ತು. ಅದಕ್ಕೆ ಪ್ರತ್ಯೇಕ ಅಕ್ಷರವೂ ಇತ್ತು. ಆ ಅಕ್ಷರ ಹೀಗಿದೆ: ೞ. ನಮ್ಮ ಹಿರಿಯರು ಮಳೆಗೆ 'ಮೞೆ' ಎಂದೂ ಕೋಳಿಗೆ 'ಕೋೞಿ' ಎಂದೂ ಬರೆಯುತ್ತಿದ್ದರು. ಕಾಲಕ್ರಮದಲ್ಲಿ ಈ ಧ್ವನಿ ನಮ್ಮ ನಾಲಗೆಯಿಂದ ಜಾರಿ ಳಕಾರದಲ್ಲಿ ಬೆರೆತುಹೋಯಿತು. ಸುಮಾರು 1260ರಲ್ಲಿ ಕೇಶಿರಾಜನು 'ಶಬ್ದಮಣಿದರ್ಪಣ'ವೆಂಬ ವ್ಯಾಕರಣವನ್ನು ಬರೆಯುವಾಗ, ಯಾವ ಯಾವ ಪದಗಳಲ್ಲಿ ಈ ೞಕಾರವಿರಬೇಕೆಂದು ಪಟ್ಟಿಮಾಡಿ ಹೇಳಬೇಕಾಯಿತು. ಜನರ ಬಾಯಲ್ಲಿ ಸಲೀಸಾಗಿ ಇರುವುದಕ್ಕೆ ಯಾರೂ ಪಟ್ಟಿ ಮಾಡುವುದಿಲ್ಲ. ಕಳೆದುಹೋಗುತ್ತಿರುವ ಸಾಮಾನಿಗೆ ಪಟ್ಟಿ ಬೇಕಾಗುತ್ತದೆ. ಲೆಕ್ಕದ ಪುಸ್ತಕ ಬರೆಯುವ ನಮ್ಮಂಥ ಗುಮಾಸ್ತರಿಗೆ ಇದು ಬೇಗ ಅರ್ಥವಾಗುತ್ತದೆ.

ಆ ಕಳೆದುಹೋದ ಸಾಮಾನು ಇಲ್ಲಿಯ ಬೀದಿಯಲ್ಲಿ ಪ್ರತಿ ನಿಮಿಷವೂ ಕೇಳಿಸುತ್ತದೆ. ಮೞ ಎಂದರೆ ಮಳೆ. ವಾೞ ಬಾಳೆ, ಏೞು ಏಳು, ಪುೞು ಹುಳು, ಆೞಂ ಆಳ, ಪೞಯ ಹಳೆಯ. ಪುೞ ಎಂದರೆ ಹೊಳೆ. ಆಲಪ್ಪುೞದ ಕೊನೆಯಲ್ಲಿರುವುದು ಅದೇ. ಆದರೆ ಮುಳ್ಳಿಗೂ ಕಳ್ಳನಿಗೂ ಮಲೆಯಾಳದಲ್ಲಿಯೂ ಸಾಧಾರಣ ಳಕಾರವೇ ಇದೆ, ಏಕೆಂದರೆ ಹಳಗನ್ನಡದಲ್ಲಿಯೂ ಅಲ್ಲಿ ಳಕಾರವೇ ಇತ್ತು. ಊರಿನಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಹುಡುಗರು ಹಳಗನ್ನಡದ ಪಾಠದಲ್ಲಿ ಬಾಯಿಪಾಠ ಮಾಡುವ ಈ ಭೇದವನ್ನು ಮಟ್ಟಾಂಚೇರಿಯ ಮೀನಿನಂಗಡಿಯವನು ಬೆಳಗಿನಿಂದ ಸಂಜೆಯವರೆಗೆ ತಪ್ಪಿಲ್ಲದೆ ಆಡುತ್ತಾನೆ. ಕನ್ನಡದ ಮಕ್ಕಳಿಗೂ ಇದನ್ನು ತಿಳಿಸಬೇಕು. ಶಾಲೆಯಲ್ಲಿ ಕಲಿತ ಮಲೆಯಾಳ ಅವರಿಗೆ ಪಂಪನನ್ನು ಓದಲು ಏಣಿಯಾದೀತು.

ಕೊಚ್ಚಿಯ ಹೆಸರಿನಲ್ಲಿಯೂ ಈ ಅಕ್ಷರ ಅಡಗಿದೆಯೆಂದು ಹಲವರ ಮತ. ಕೊಚ್ಚು ಎಂದರೆ ಚಿಕ್ಕದು. 'ಅೞಿ' ಎಂದರೆ ನೀರು ಸಮುದ್ರಕ್ಕೆ ಸೇರುವ ಬಾಯಿ. ಕರಾವಳಿಯ ಕನ್ನಡದಲ್ಲಿ ನಾವು 'ಅಳಿವೆ' ಎನ್ನುವುದು ಇದನ್ನೇ. 1341ರಲ್ಲಿ ಪೆರಿಯಾರ್ ನದಿಗೆ ಮಹಾಪೂರ ಬಂದು, ಕೊಡುಙಲ್ಲೂರಿನ ಹಳೆಯ ಬಂದರು ಹೂಳಿನಿಂದ ಕೆಟ್ಟು, ಕೊಚ್ಚಿಯ ಅಳಿವೆ ತೆರೆದುಕೊಂಡಿತೆಂದು ಇತಿಹಾಸಕಾರರು ಹೇಳುತ್ತಾರೆ.

ನಾಲ್ಕನೆಯ ಬಾಗಿಲಲ್ಲಿ ಪಾತ್ರ ಅದಲುಬದಲಾಗುತ್ತದೆ. ಹಳೆಯದನ್ನು ಉಳಿಸಿಕೊಂಡವರು ಇಲ್ಲಿ ನಾವು. ಇ, ಎ ಸ್ವರಗಳ ಮುಂದೆ ನಮ್ಮ ಕಕಾರ ಅವರಲ್ಲಿ ಚಕಾರವಾಗಿದೆ. ನಮ್ಮ ಕಿವಿ ಅವರ 'ಚೆವಿ'. ನಮ್ಮ ಕಿರು ಅವರ 'ಚೆರು'. ನಮ್ಮ ಕೇರಿ ಅವರ 'ಚೇರಿ'. ಮಟ್ಟಾಂಚೇರಿ, ಚಙನಾಶೇರಿ ಎಂಬವುಗಳಲ್ಲಿ ನಮ್ಮ ಕೇರಿಯೇ ಕುಳಿತಿದೆ. ನಮ್ಮ ಕೆರೆ ಅವರ 'ಚಿರ'. ತಿರುವನಂತಪುರದ ಉತ್ತರಕ್ಕಿರುವ ಚಿರಯಿನ್‌ಕೀೞ್ ಎಂಬ ಊರಿನ ಹೆಸರನ್ನು ಬಿಡಿಸಿದರೆ 'ಕೆರೆಯ ಕೆಳಗೆ' ಎಂದಾಗುತ್ತದೆ. ಕೆರೆಯ ಕೆಳಗಿನ ಗದ್ದೆ ಎಂದರೆ ಏನೆಂದು ನಮ್ಮ ರೈತ ಮಕ್ಕಳಿಗೆ ಹೇಳಿಕೊಡಬೇಕಾದ್ದಿಲ್ಲ. 'ಚೆಯ್ಯಾಂ' ಎಂದರೆ ಮಾಡುತ್ತೇನೆ. ಮೈಸೂರು ಕಡೆಯಲ್ಲಿ ಹೊಲ 'ಗೇಯುವುದು' ಎನ್ನುತ್ತಾರಲ್ಲ, ಆ 'ಗೆಯ್' ಇದರ ಒಡಹುಟ್ಟು.

ಕೇರಳವೆಂಬ ಹೆಸರೇ ಈ ಬಾಗಿಲಿನಿಂದ ಹಾದುಬಂದಿರಬಹುದು. ಇಲ್ಲಿ ಆಳಿದವರು ಚೇರರು. ಆದರೆ ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕನ ಶಾಸನದಲ್ಲಿ ಇರುವುದು 'ಕೇರಲಪುತ್ರ' ಎಂದು. ಚೇರಂ ಎಂಬುದನ್ನು ಕನ್ನಡದವರ ಉಚ್ಚಾರಣೆಯಲ್ಲಿ ಕೇರಂ ಎಂದರೆಂಬುದು ಮಲೆಯಾಳ ನಿಘಂಟನ್ನು ರಚಿಸಿದ ಹರ್ಮನ್ ಗುಂಡರ್ಟರ ಅಭಿಪ್ರಾಯ. ಕೇರವೆಂದರೆ ತೆಂಗು, ಅದರಿಂದಲೇ ಕೇರಳ ಎನ್ನುವವರೂ ಇದ್ದಾರೆ. ಮನೆಗೆ ಹೆಸರಿಟ್ಟವನು ಪಕ್ಕದ ಮನೆಯವನೆಂದರೆ ಯಾರಿಗೂ ಅಷ್ಟು ಹಿತವಾಗಲಾರದು. ಚರ್ಚೆಯನ್ನು ಪಂಡಿತರಿಗೇ ಬಿಡೋಣ.

ಇನ್ನು ದಿಕ್ಕುಗಳು. ತಿರುವನಂತಪುರದಲ್ಲಿ ಬಸ್ಸು ಹತ್ತುವವರಿಗೆಲ್ಲ 'ಕಿೞಕ್ಕೇಕೋಟ್ಟ' ಗೊತ್ತು. ಪೂರ್ವದ ಕೋಟೆ ಎಂದರ್ಥ. 'ಕೀೞ್' ಎಂದರೆ ಕೆಳಗೆ. ಇದು ವಿಚಿತ್ರವಲ್ಲವೆ? ಕೇರಳದಲ್ಲಿ ಪೂರ್ವಕ್ಕೆ ಇರುವುದು ಸಹ್ಯಾದ್ರಿ, ಪಶ್ಚಿಮಕ್ಕೆ ಇರುವುದು ಸಮುದ್ರ. ಪೂರ್ವ ಇಲ್ಲಿ ಮೇಲಾಗಬೇಕೇ ಹೊರತು ಕೆಳಗಲ್ಲ. ಆದುದರಿಂದ ಈ ಮಾತು ಘಟ್ಟದ ಆಚೆ, ನೆಲ ಪೂರ್ವಕ್ಕೆ ಇಳಿಯುವ ತಮಿಳು ಸೀಮೆಯಲ್ಲಿ ಹುಟ್ಟಿ ಇಲ್ಲಿಗೆ ಬಂದಿರಬೇಕೆಂದು ದ್ರಾವಿಡ ಭಾಷೆಗಳ ವ್ಯಾಕರಣವನ್ನು 1856ರಲ್ಲಿ ಪ್ರಕಟಿಸಿದ ಕಾಲ್ಡ್‌ವೆಲ್ ಊಹಿಸಿದರು. ಜನರಂತೆ ಮಾತುಗಳೂ ಘಟ್ಟ ದಾಟಿ ಬರುತ್ತವೆ. ಪಶ್ಚಿಮಕ್ಕೆ 'ಪಡಿಞ್ಞಾರ್' ಎನ್ನುತ್ತಾರೆ. 'ಪಡು' ಎಂದರೆ ಮುಳುಗು. ನಮ್ಮ ಪಡುವಣ ಅದೇ. 'ಞಾಯರ್' ಎಂದರೆ ಸೂರ್ಯ. ನಮ್ಮ ನೇಸರು ಅದೇ. ನೇಸರು ಮುಳುಗುವ ಕಡೆ ಪಡಿಞ್ಞಾರ್. ನಮಗೆಲ್ಲ ರಜೆಯ ದಿನವಾದ 'ಞಾಯರಾೞ್ಚ' ನೇಸರನ ವಾರ. ಸೋಮವಾರ 'ತಿಂಗಳ್', ಅಂದರೆ ಚಂದ್ರ. ಶುಕ್ರವಾರ 'ವೆಳ್ಳಿ', ನಮ್ಮ ಬೆಳ್ಳಿಚುಕ್ಕಿಯ ಬೆಳ್ಳಿ. ಸಂಸ್ಕೃತದ ವಾರಗಳನ್ನು ಹಿಡಿದ ನಾವು ನೇಸರನ್ನು ಪದ್ಯಗಳಿಗೆ ಒಪ್ಪಿಸಿಬಿಟ್ಟೆವು. ಉತ್ತರ 'ವಡಕ್ಕ್', ನಮ್ಮ ಬಡಗು. ದಕ್ಷಿಣ 'ತೆಕ್ಕ್', ನಮ್ಮ ತೆಂಕು. ಕೊಚ್ಚಿ ಮೆಟ್ರೋ 2022ರಲ್ಲಿ ತೃಪ್ಪೂಣಿತ್ತುರದ ಕಡೆಗೆ ಬೆಳೆದಾಗ ತೆರೆದ ನಿಲ್ದಾಣವೊಂದರ ಹೆಸರು ವಡಕ್ಕೇಕೋಟ್ಟ. ಬಡಗಣ ಕೋಟೆ ಎಂದು ಮನಸ್ಸಿನಲ್ಲೇ ಅಂದುಕೊಂಡು ಇಳಿದರಾಯಿತು.

ಕ್ರಿಯಾಪದ ಕಷ್ಟವೆಂದು ಹಿಂಜರಿಯುವವರಿಗೆ ಒಂದು ಸಮಾಧಾನವಿದೆ. ನಾವು ಹೋದೆ, ಹೋದ, ಹೋದಳು, ಹೋದರು ಎಂದು ಆಳಿಗೆ ತಕ್ಕಂತೆ ಬಾಲ ಬದಲಿಸುತ್ತೇವೆ. ಮಲೆಯಾಳದಲ್ಲಿ ಆ ಬಾಲವೇ ಉದುರಿಹೋಗಿದೆ. ಞಾನ್ ಪೋಯಿ, ನೀ ಪೋಯಿ, ಅವನ್ ಪೋಯಿ, ಅವಳ್ ಪೋಯಿ, ಅವರ್ ಪೋಯಿ. ಒಂದು ರೂಪ ಕಲಿತರೆ ಎಲ್ಲರಿಗೂ ಸಲ್ಲುತ್ತದೆ.

ಇಷ್ಟು ಓದಿ, ಕಿವಿಗೆ ಕನ್ನಡದಂತೆ ಕೇಳಿದ್ದೆಲ್ಲ ಕನ್ನಡವೇ ಎಂದು ಯಾರೂ ತೀರ್ಮಾನಿಸಬಾರದು. ನಂಟರ ವೇಷದ ಮಾತುಗಳೂ ಇವೆ. ಹಾವೇರಿ ಕಡೆಯ ಯುವಕನೊಬ್ಬ ಕಟ್ಟಡದ ಕೆಲಸಕ್ಕೆ ಬಂದು, ಉಳಿದ ಕೂಲಿಯನ್ನು ಗುತ್ತಿಗೆದಾರನಲ್ಲಿ ಕೇಳಿದ. ಆತ "ನಾಳೆ ತರಾಂ" ಎಂದ. ನಾಳೆ ಎಂಬುದು ಎರಡು ಭಾಷೆಗೂ ಒಂದೇ. 'ತರಾಂ' ಎಂದರೆ ತರುತ್ತೇನೆ ಎಂದು ಯುವಕ ತಿಳಿದ. ಮರುದಿನ ಕೆಲಸಕ್ಕೆ ಹೋಗದೆ ಕೋಣೆಯಲ್ಲಿ ಕಾದ. ಅದರ ಮರುದಿನವೂ ಕಾದ. ಗುತ್ತಿಗೆದಾರ ಅತ್ತ ತನ್ನ ಕೋಣೆಯಲ್ಲಿ ಹಣ ಎಣಿಸಿಟ್ಟು, ಈತ ಬಂದು ತೆಗೆದುಕೊಳ್ಳಲಿಲ್ಲವೇಕೆಂದು ನೋಡುತ್ತಿದ್ದ. ಎರಡು ದಿನದ ಕೂಲಿ ಹೋಯಿತು, ತಾಯಿಯ ಔಷಧಿಗೆ ಊರಿಗೆ ಹೋಗಬೇಕಾದ ಹಣ ತಡವಾಯಿತು, ಮೂರನೆಯ ದಿನ ಇಬ್ಬರಿಗೂ ಬಿರುಸು ಮಾತಾಯಿತು. ಮಲೆಯಾಳದಲ್ಲಿ ನನಗೆ ಅಥವಾ ನಿನಗೆ ಕೊಡುವುದಕ್ಕೆ 'ತರು' ಎನ್ನುತ್ತಾರೆ, ಮೂರನೆಯವನಿಗೆ ಕೊಡುವುದಕ್ಕೆ 'ಕೊಡು' ಎನ್ನುತ್ತಾರೆ. ತರಾಂ ಎಂದರೆ ಕೊಡುತ್ತೇನೆ. ತರುತ್ತೇನೆ ಎನ್ನಬೇಕಾದರೆ 'ಕೊಂಡುವರಾಂ', ಎಂದರೆ ಕೊಂಡು ಬರುತ್ತೇನೆ.

ಆಸ್ಪತ್ರೆಯಲ್ಲಿ 'ಪನಿ' ಎಂದರೆ ಜ್ವರ. 'ಪಣಿ' ಎಂದರೆ ಕೆಲಸ. ವೈದ್ಯರು "ಪನಿಯುಂಡೋ" ಎಂದರೆ ಜ್ವರವಿದೆಯೆ ಎಂದು ಕೇಳಿದಂತೆ. ಅದನ್ನು ಕೆಲಸವಿದೆಯೆ ಎಂದು ತಿಳಿದು, ಕೆಲಸ ತಪ್ಪಿದ್ದಕ್ಕಾಗಿ "ಇಲ್ಲ" ಎಂದವನಿಗೆ ಸಿಗುವ ಮದ್ದೇ ಬೇರೆ. ಮೈ ಬಿಸಿಯಾದವರು ನಕಾರಕ್ಕೂ ಣಕಾರಕ್ಕೂ ಇರುವ ಭೇದವನ್ನು ಜೇಬಿನಲ್ಲಿಟ್ಟುಕೊಂಡೇ ಆಸ್ಪತ್ರೆಗೆ ಹೋಗಬೇಕು.

'ಆಳ್' ಎಂದರೆ ಮನುಷ್ಯ, ಅಷ್ಟೆ. "ಎತ್ರ ಆಳುಂಡ್" ಎಂದು ಲಾಡ್ಜಿನವರು ಕೇಳಿದರೆ ಎಷ್ಟು ಜನ ಎಂದು ಅರ್ಥ. ನಮ್ಮನ್ನು ಆಳುಕಾಳು ಎಂದರೆಂದು ಮುನಿಯಬೇಕಾದ್ದಿಲ್ಲ. 'ಚೆಲವ್' ಚೆಲುವಲ್ಲ, ಖರ್ಚು. ವರವು ಚೆಲವು ಎಂದರೆ ಜಮಾ ಖರ್ಚು. 'ಇನ್ನ್' ಎಂದರೆ ಇಂದು. 'ಇನ್ನಲೆ' ಎಂದರೆ ನಿನ್ನೆ, ಇನ್ನು ಮೇಲೆ ಅಲ್ಲ. 'ಇರಿಕ್ಕೂ' ಎಂದರೆ ಕುಳಿತುಕೊಳ್ಳಿ. 'ಕುಳಿಚ್ಚೋ' ಎಂದರೆ ಕುಳಿತೆಯಾ ಎಂದಲ್ಲ, ಸ್ನಾನವಾಯಿತೆ ಎಂದು. 'ಮೋರ್' ಮೊಸರಲ್ಲ, ಮಜ್ಜಿಗೆ. 'ಚೋರ್' ಕಳ್ಳನಲ್ಲ, ಅನ್ನ. ಕಚೇರಿಯಲ್ಲಿ ದುಡಿಯುವ ಮಿತ್ರರು ಅತ್ಯಂತ ಜಾಗ್ರತೆಯಿಂದ ಆಡಬೇಕಾದ ಮಾತು 'ಪಟ್ಟಿ'. ಮಲೆಯಾಳದಲ್ಲಿ ಅದು ನಾಯಿ. ಹೆಸರುಗಳ ಪಟ್ಟಿ ಬೇಕಾದರೆ 'ಪಟ್ಟಿಕ' ಎನ್ನಬೇಕು. ಮೇಲಧಿಕಾರಿಯ ಮುಂದೆ ನಿಂತು "ಸಿಬ್ಬಂದಿಯ ಪಟ್ಟಿ ಇಲ್ಲಿದೆ" ಎಂದು ಹೇಳುವ ಮೊದಲು ಆ ಕೊನೆಯ ಕಕಾರವನ್ನು ನೆನೆಯುವುದು ಒಳ್ಳೆಯದು.

ಮರಗಿಡಗಳ ಹೆಸರಿನಲ್ಲಿ ಇಂಥ ಮೋಸ ಕಡಿಮೆ. ಮಾವು ಎರಡು ಕಡೆಯೂ ಮಾವೇ, ನೆಲ್ಲಿ ನೆಲ್ಲಿಯೇ; ತೇಕ್ಕ್ ತೇಗ, ವೇಪ್ಪ್ ಬೇವು. ಕೊಚ್ಚಿಯ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ ಈ ಸೀಮೆಯ ಗಿಡಮರಗಳ ಬಗ್ಗೆ ಬರೆಯಿಸಿದ 'ಹೋರ್ಟುಸ್ ಮಲಬಾರಿಕುಸ್' ಎಂಬ ಗ್ರಂಥ 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟಗಳಲ್ಲಿ ಅಚ್ಚಾಯಿತು. ಹೆಸರು, ಗುಣಗಳನ್ನು ತಿಳಿಸಿಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ಈೞವ ವೈದ್ಯರು ಮತ್ತು ಕೊಚ್ಚಿಯ ಮೂವರು ಕೊಂಕಣಿ ವೈದ್ಯರು. ಮಲೆಯಾಳದ ಅಕ್ಷರ ಮೊದಲ ಬಾರಿಗೆ ಅಚ್ಚಿನಲ್ಲಿ ಕಾಣಿಸಿಕೊಂಡದ್ದು ಅದರ ಚಿತ್ರಗಳಲ್ಲಿ. ಅದರ ಮೊದಲ ಗಿಡ ತೆಂಗು. ಹಲಸಿನ 'ಚಕ್ಕ' ಪೋರ್ತುಗೀಸರ ಬಾಯಿಂದ ಇಂಗ್ಲಿಷಿಗೆ ಹೋಗಿ ಜ್ಯಾಕ್ ಆಯಿತು, ತೇಕ್ಕ್ ಟೀಕ್ ಆಯಿತು. ತೆಂಗಿನ ನಾರಿನ ಕಾರ್ಖಾನೆಗಳಲ್ಲಿ ದುಡಿಯುವವರು ದಿನವೂ ಚೀಟಿಯಲ್ಲಿ ಬರೆಯುವ 'ಕಾಯರ್', ಹಗ್ಗವೆಂಬ ಅರ್ಥದ ಮಲೆಯಾಳದ 'ಕಯರ್' ಅಲ್ಲದೆ ಬೇರೆಯಲ್ಲ.

ಹೆಚ್ಚು ತಿಳಿಯಬಯಸುವವರಿಗೆ ಎರಡು ನಿಘಂಟುಗಳಿವೆ. ಗುಂಡರ್ಟರ ಮಲೆಯಾಳ ನಿಘಂಟು 1872ರಲ್ಲಿ, ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಹೊರಬಂದುವು. ಇಬ್ಬರೂ ಜರ್ಮನಿಯವರು, ಇಬ್ಬರೂ ಬಾಸೆಲ್ ಮಿಶನ್ನಿನವರು, ಎರಡು ಪುಸ್ತಕಗಳೂ ಪ್ರಕಟವಾದದ್ದು ನಮ್ಮ ಮಂಗಳೂರಿನಲ್ಲಿ. ಗುಂಡರ್ಟರ ಸಂಗ್ರಹವನ್ನು ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು 2018ರಲ್ಲಿ ಇಂಟರ್‌ನೆಟ್ಟಿನಲ್ಲಿ ತೆರೆದಿಟ್ಟಿದೆ. ಕೈಯಲ್ಲಿ ಫೋನಿದ್ದವರು ಧರ್ಮಕ್ಕೆ ನೋಡಬಹುದು. ಫೋನಿಗಿಂತ ಮನುಷ್ಯರೇ ವಾಸಿ ಎನ್ನುವವರು ಕಾಸರಗೋಡಿನ ಮಿತ್ರರನ್ನು ಹಿಡಿಯಬೇಕು. 1956ರ ನವೆಂಬರ್ 1ರಂದು ಆ ಸೀಮೆ ಕೇರಳಕ್ಕೆ ಸೇರಿದಂದಿನಿಂದ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲೆಯಾಳ, ಅಂಗಳದಲ್ಲಿ ತುಳು ಎಂದು ಬದುಕಿದ ಮನೆತನಗಳವರು ಅವರು. ತಿರುವನಂತಪುರದ ಸರಕಾರಿ ಕಚೇರಿಗಳಲ್ಲಿಯೂ ಸಿಗುತ್ತಾರೆ. ಬಾಡಿಗೆ ಕರಾರಾಗಲಿ, ಆಸ್ಪತ್ರೆಯ ಚೀಟಿಯಾಗಲಿ, ಕೂಲಿಯ ರಸೀತಿಯಾಗಲಿ, ಅರ್ಥವಾಗದ ಕಾಗದಕ್ಕೆ ಸಹಿ ಹಾಕುವ ಮುನ್ನ ಅವರಲ್ಲೊಬ್ಬರಿಗೆ ತೋರಿಸತಕ್ಕದ್ದು. ಞಾಯರಾೞ್ಚ ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ಅಂಥ ಇಬ್ಬರು ವಾಚನಾಲಯದಲ್ಲಿಯೇ ಕುಳಿತಿರುತ್ತಾರೆ.